ಹಳೆಯ ಲಿವರ್ ಆಕ್ಷನ್ ರೈಫಲ್ ಗುರುತಿಸುವುದು ಹೇಗೆ: ಮೊದಲು ಯಂತ್ರ ನೋಡಿ, ಅಕ್ಷರ ಆಮೇಲೆ ಓದಿ

ಟ್ರಿಗರ್ ಸುತ್ತಿನ ಹಿಡಿ, ಅಂದರೆ ಲಿವರ್, ಇಳಿಸಿ ಏರಿಸಿ ತೋಟಾ ಬದಲಿಸುವ ಕೋವಿಗೆ ಲಿವರ್ ಆಕ್ಷನ್ ರೈಫಲ್ ಅಂತ ಹೆಸರು. ಹಳೆಯದೊಂದು ಕಣ್ಣಿಗೆ ಬಿದ್ದ ತಕ್ಷಣ ಹೆಚ್ಚಿನವರು ಬ್ಯಾರೆಲ್ ಮೇಲೆ ಏನು ಬರೆದಿದೆ ಅಂತ ಓದಲು ಬಗ್ಗುತ್ತಾರೆ. ಅಲ್ಲಿ 1866 ಅಂತ ಕಂಡರೆ ಮುಗಿಯಿತು, ಇದು 1866ರ ಕೋವಿ ಅಂತ ತೀರ್ಮಾನ ಆಗಿಬಿಡುತ್ತದೆ. ಆದರೆ ವಿಂಚೆಸ್ಟರ್ ಕಂಪನಿಯ 1873 ಮಾದರಿಯ ಬ್ಯಾರೆಲ್ ಮೇಲೂ 'ಕಿಂಗ್ಸ್ ಇಂಪ್ರೂವ್‌ಮೆಂಟ್, ಪೇಟೆಂಟೆಡ್ ಮಾರ್ಚ್ 29, 1866, ಅಕ್ಟೋಬರ್ 16, 1860' ಅಂತಲೇ ಇರುತ್ತದೆ. ಅವು ಪೇಟೆಂಟ್ ಸಿಕ್ಕ ದಿನಾಂಕಗಳು, ರೈಫಲ್ ತಯಾರಾದ ದಿನಾಂಕ ಅಲ್ಲ. 1890ರಲ್ಲಿ ತಯಾರಾದ ರೈಫಲ್ ಮೇಲೂ ಅದೇ ಸಾಲು ಇರುತ್ತದೆ.

ಅದಕ್ಕೇ ನಾನು ಹೇಳುವ ಕ್ರಮ ಉಲ್ಟಾ. ಮೊದಲು ಯಂತ್ರ ನೋಡಿ. ತೋಟಾ ಎಲ್ಲಿಂದ ಒಳಗೆ ಹೋಗುತ್ತದೆ, ಖಾಲಿ ಕೋಶ ಎಲ್ಲಿಂದ ಹೊರಗೆ ಹಾರುತ್ತದೆ, ಲಿವರ್ ಇಳಿಸಿದಾಗ ಏನೇನು ಅಲುಗಾಡುತ್ತದೆ, ಇದಿಷ್ಟು ಗೊತ್ತಾದರೆ ಮಾದರಿ ಯಾವುದು ಅನ್ನುವುದು ಬಹುಪಾಲು ಗೊತ್ತಾದ ಹಾಗೆಯೇ. ಅಕ್ಷರಗಳು ಕೊನೆಗೆ, ಅದೂ ಯಂತ್ರ ಹೇಳಿದ್ದಕ್ಕೆ ತಾಳೆ ನೋಡಲು ಮಾತ್ರ. ಅಕ್ಷರ ಕೆತ್ತುವುದು ಸುಲಭ. ಯಂತ್ರದ ರಚನೆ ಬದಲಾಯಿಸುವುದು ಅಷ್ಟು ಸುಲಭ ಅಲ್ಲ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅಮೆರಿಕದ ರೈಫಲ್‌ಗಳ ಬಗ್ಗೆ, 1860ರಿಂದ 1900ರ ಆಸುಪಾಸಿನವರೆಗೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇವು ಆಂಟಿಕ್ ಅಂಗಡಿಗಳಲ್ಲಿ, ಹರಾಜುಗಳಲ್ಲಿ ಎದುರಾಗುತ್ತವೆ. ನಮ್ಮ ಕಡೆಯೂ ಇವು ಪೂರ್ತಿ ಅಪರಿಚಿತ ಅಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ನೆಚ್ಚಿನ .405 ತೋಟಾದ ರೈಫಲ್ ವಿಂಚೆಸ್ಟರ್ ಕಂಪನಿಯ 1895 ಮಾದರಿ, ಅಂದರೆ ಲಿವರ್ ಆಕ್ಷನ್ನೇ.

ಕೈಗೆತ್ತಿಕೊಳ್ಳುವ ಮೊದಲು

ಮಾಲೀಕರನ್ನು ಕೇಳಿ. ಆಮೇಲೆ, ಯಾರು ಎಷ್ಟೇ ಖಾಲಿ ಅಂದರೂ, ತೋಟಾ ತುಂಬಿದೆ ಅಂತಲೇ ತಿಳಿದುಕೊಳ್ಳಿ. ಬ್ಯಾರೆಲ್ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಲಿವರ್ ಪೂರ್ತಿ ಇಳಿಸಿ, ಬ್ಯಾರೆಲ್ ಬುಡದಲ್ಲಿ ತೋಟಾ ಕೂರುವ ಚೇಂಬರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಉಳಿದ ತೋಟಾಗಳನ್ನು ಇಡುವ ಮ್ಯಾಗಜಿನ್ ಕೊಳವೆಯನ್ನೂ ನೋಡಿ, ಯಾಕೆಂದರೆ ನೂರು ವರ್ಷದ ಕೊಳವೆಯಲ್ಲಿ ಸ್ಪ್ರಿಂಗ್ ಜಡವಾಗಿ ಒಂದು ತೋಟಾ ಒಳಗೇ ಸಿಕ್ಕಿಕೊಂಡಿರಬಹುದು, ಅದು ಲಿವರ್ ಆಡಿಸಿದರೂ ಹೊರಗೆ ಬರುವುದಿಲ್ಲ. ಸಂಶಯ ಇದ್ದರೆ ಗನ್‌ಸ್ಮಿತ್ ಹತ್ತಿರ ಕೊಡಿ. ತೋಟಾ ಇಲ್ಲದೆ ಹ್ಯಾಮರ್ (ಹಿಂದಿರುವ ಸುತ್ತಿಗೆ) ಹೊಡೆಸಿ ನೋಡುವ ಅಭ್ಯಾಸ ಬೇಡ, ಹಳೆಯ ಫೈರಿಂಗ್ ಪಿನ್, ಅಂದರೆ ತೋಟಾಗೆ ಕುಟ್ಟುವ ಕಡ್ಡಿ, ಮುರಿಯಬಹುದು.

ಒಂದು ಟಾರ್ಚ್, ಒಂದು ಭೂತಗನ್ನಡಿ, ಅಳತೆ ಟೇಪ್, ಚಿಕ್ಕದೊಂದು ಅಯಸ್ಕಾಂತ. ಇಷ್ಟು ಸಾಕು. ಎಣ್ಣೆ ಬಟ್ಟೆ, ಬ್ರಾಸೋ, ಮರಳು ಕಾಗದ ಇವೆಲ್ಲ ಮನೆಯಲ್ಲೇ ಇರಲಿ. ಗುರುತು ಹಿಡಿಯುವ ಮೊದಲೇ ಉಜ್ಜಿ ಹೊಳಪು ಬರಿಸಿದರೆ ಗುರುತೂ ಹೋಯಿತು, ಬೆಲೆಯೂ ಹೋಯಿತು.

ಹಂತ 1: ತೋಟಾ ಎಲ್ಲಿ ಕೂರುತ್ತದೆ?

ದೂರದಿಂದಲೇ ಕಾಣುವ ಪ್ರಶ್ನೆ ಇದು. ಬ್ಯಾರೆಲ್ ಕೆಳಗೆ ಉದ್ದಕ್ಕೆ ಇನ್ನೊಂದು ಕೊಳವೆ ಇದ್ದರೆ ಟ್ಯೂಬ್ ಮ್ಯಾಗಜಿನ್. ವಿಂಚೆಸ್ಟರ್, ಮಾರ್ಲಿನ್, ಕೋಲ್ಟ್ ಬರ್ಜೆಸ್, ವಿಟ್ನಿ ಕೆನಡಿ, ಬುಲ್ಲಾರ್ಡ್ ಎಲ್ಲ ಈ ಗುಂಪಿನವು.

ಬ್ಯಾರೆಲ್ ಕೆಳಗೆ ಏನೂ ಇಲ್ಲ, ಬಟ್ (ಭುಜಕ್ಕೆ ತಾಗುವ ಮರದ ಭಾಗ) ಒಳಗಿನಿಂದ ಕೊಳವೆ ಹೊರಗೆ ಎಳೆಯಬಹುದು ಅಂದರೆ ಅದು ಸ್ಪೆನ್ಸರ್. 1860ರಲ್ಲಿ ಕ್ರಿಸ್ಟೋಫರ್ ಸ್ಪೆನ್ಸರ್ ಪೇಟೆಂಟ್ ಪಡೆದದ್ದು, ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ್ದು. ಕೊಳವೆಗೆ 7 ತೋಟಾ. ಇದರ ಒಂದು ಗುಣ ನೆನಪಿಡಿ: ಲಿವರ್ ಆಡಿಸಿದರೆ ತೋಟಾ ಬದಲಾಗುತ್ತದೆ, ಹ್ಯಾಮರ್ ಮಾತ್ರ ಏಳುವುದಿಲ್ಲ. ಅದನ್ನು ಪ್ರತಿ ಸಲ ಹೆಬ್ಬೆರಳಿನಿಂದ ಎಳೆಯಬೇಕು. ಬಟ್‌ನಲ್ಲೇ ಸ್ಕ್ರೂ ಥರ ಸುತ್ತುವ ದೊಡ್ಡ ಮ್ಯಾಗಜಿನ್ ಇರುವ ಇವಾನ್ಸ್ ಅಂತ ಇನ್ನೊಂದಿದೆ, ಮೇಯ್ನ್ ರಾಜ್ಯದಲ್ಲಿ ತಯಾರಾದದ್ದು. ಅಪರೂಪ.

ರಿಸೀವರ್ (ಯಂತ್ರ ಇರುವ ನಡುವಿನ ಲೋಹದ ದೇಹ) ಕೆಳಗೆ, ಟ್ರಿಗರ್‌ಗೆ ಮುಂದೆ ಚೌಕಾಕಾರದ ಪೆಟ್ಟಿಗೆ ಉಬ್ಬಿಕೊಂಡಿದ್ದರೆ ವಿಂಚೆಸ್ಟರ್ 1895. ಕೊಳವೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಹೊರಗೆ ಹ್ಯಾಮರ್ರೇ ಕಾಣುತ್ತಿಲ್ಲ ಅಂದರೆ ಸ್ಯಾವೇಜ್. ನ್ಯೂಯಾರ್ಕ್ ರಾಜ್ಯದ ಯುಟಿಕಾದ ಆರ್ಥರ್ ಸ್ಯಾವೇಜ್ ಅವರ 1895 ಮತ್ತು 1899 ಮಾದರಿಗಳಲ್ಲಿ ತೋಟಾಗಳು ರಿಸೀವರ್ ಒಳಗೇ ಗುಂಡಗೆ ತಿರುಗುವ ರಾಟೆಯಲ್ಲಿ ಕೂರುತ್ತವೆ. 1899ರ ಎಡಗಡೆ ಒಂದು ಪುಟ್ಟ ಕಿಂಡಿ ಇದೆ, ಒಳಗೆ ಎಷ್ಟು ತೋಟಾ ಉಳಿದಿದೆ ಅನ್ನುವ ಅಂಕಿ ಅಲ್ಲಿ ಕಾಣುತ್ತದೆ. ಎಂಥ ಚಂದದ ಕೆಲಸ ಅದು!

ಹಂತ 2: ರಿಸೀವರ್

ರಿಸೀವರ್ ಅಂದರೆ ಬ್ಯಾರೆಲ್‌ಗೂ ಹಿಂದಿನ ಮರದ ಬಟ್‌ಗೂ ನಡುವೆ ಇರುವ ಲೋಹದ ದೇಹ, ಯಂತ್ರವೆಲ್ಲ ಇರುವುದು ಇದರೊಳಗೆ. ನಿಮ್ಮ ಸಮಯದ ಮುಕ್ಕಾಲು ಪಾಲು ಇಲ್ಲಿಗೇ ಕೊಡಿ.

ಹಳದಿ ಲೋಹ ಇದ್ದರೆ ಎರಡೇ ಮುಖ್ಯ ಸಾಧ್ಯತೆ: ಹೆನ್ರಿ ಅಥವಾ ವಿಂಚೆಸ್ಟರ್ 1866. ಎಲ್ಲರೂ ಹಿತ್ತಾಳೆ ಅಂತಾರೆ, ನಿಜಕ್ಕೂ ಅದು ಕಂಚಿಗೆ ಹತ್ತಿರದ ಗನ್‌ಮೆಟಲ್. ಅಯಸ್ಕಾಂತ ಹಿಡಿಯಬಾರದು. ಹಿಡಿದರೆ ಮೇಲೆ ಹಳದಿ ಲೇಪ ಕೊಟ್ಟ ಕಬ್ಬಿಣ, ಅಲ್ಲಿಗೆ ನಿಲ್ಲಿಸಿ.

ಇವೆರಡರ ನಡುವೆ ವ್ಯತ್ಯಾಸ ಹೇಳುವುದು ಸುಲಭ. ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಪೇಟೆಂಟ್ ಪಡೆದ ಹೆನ್ರಿ ರೈಫಲ್‌ಗೆ ಬ್ಯಾರೆಲ್ ಕೆಳಗೆ ಮರದ ಹಿಡಿಯೇ ಇಲ್ಲ, ಎಡಗೈ ನೇರವಾಗಿ ಲೋಹದ ಮೇಲೆ. ರಿಸೀವರ್ ಪಕ್ಕದಲ್ಲಿ ತೋಟಾ ತುಂಬುವ ಬಾಗಿಲೂ ಇಲ್ಲ. ತುದಿಯ ಭಾಗವನ್ನು ತಿರುಗಿಸಿ ಮುಂದಿನಿಂದ ತುಂಬಬೇಕು. ಮ್ಯಾಗಜಿನ್ ಕೊಳವೆಯ ಕೆಳಗೆ ಉದ್ದಕ್ಕೆ ಸೀಳು ಇರುತ್ತದೆ, ಅದರಲ್ಲಿ ಒಂದು ಚಿಕ್ಕ ಹಿಡಿ ಜಾರುತ್ತದೆ. ತೋಟಾ ಖರ್ಚಾದ ಹಾಗೆ ಆ ಹಿಡಿ ಹಿಂದಕ್ಕೆ ಬಂದು ಎಡಗೈಗೆ ತಗಲುತ್ತಿತ್ತು, ಆಗ ಸೈನಿಕ ಕೈ ಸರಿಸಿಕೊಳ್ಳಬೇಕಿತ್ತು. ಸೀಳಿನೊಳಗೆ ಮಣ್ಣು ಹೋಗುವ ತೊಂದರೆ ಬೇರೆ. ಒಟ್ಟು ಸುಮಾರು 14,000 ಹೆನ್ರಿಗಳು ತಯಾರಾದವು, ಶುರುವಿನ ಕೆಲವು ನೂರಕ್ಕೆ ಕಬ್ಬಿಣದ ರಿಸೀವರ್ ಇದೆ. ಲಿಂಕನ್ ಅವರಿಗೆ ಉಡುಗೊರೆ ಕೊಟ್ಟ, ಕೆತ್ತನೆ ಕೆಲಸದ 6ನೇ ನಂಬರಿನ ಹೆನ್ರಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ.

1866ರಲ್ಲಿ ಈ ಎಲ್ಲ ತೊಂದರೆಗೆ ಪರಿಹಾರ ಬಂತು. ವಿಂಚೆಸ್ಟರ್ ಕಂಪನಿಯ ನೆಲ್ಸನ್ ಕಿಂಗ್ ರಿಸೀವರ್‌ನ ಬಲಗಡೆ ಸ್ಪ್ರಿಂಗ್ ಬಾಗಿಲು ಇಟ್ಟರು, ತೋಟಾ ಅಲ್ಲಿಂದ ಒತ್ತಿ ತುಂಬಬಹುದು. ಕೊಳವೆಯ ಸೀಳು ಹೋಯಿತು, ಮುಂದೆ ಮರದ ಹಿಡಿ ಬಂತು. ಹಳದಿ ರಿಸೀವರ್, ಬಲಗಡೆ ಬಾಗಿಲು, ಮುಂದೆ ಮರ: ಈ ಮೂರೂ ಸೇರಿದರೆ 1866. ಇದಕ್ಕೇ 'ಯೆಲ್ಲೋ ಬಾಯ್' ಅಂತ ಹೆಸರು ಬಿದ್ದದ್ದು.

ಅದೇ ಆಕಾರ, ಆದರೆ ಕಬ್ಬಿಣ ಅಥವಾ ಉಕ್ಕಿನ ರಿಸೀವರ್ ಇದ್ದರೆ 1873 ಅಥವಾ 1876. ಎರಡೂ ಬದಿಯಲ್ಲಿ ಬಿಚ್ಚಬಹುದಾದ ದೊಡ್ಡ ಪಕ್ಕದ ತಟ್ಟೆ ಇರುತ್ತದೆ, ಅದರ ಅಂಚಿನ ಗೆರೆ ಕಣ್ಣಿಗೆ ಸ್ಪಷ್ಟ. ಮೇಲೆ ಜಾರುವ ಧೂಳಿನ ಮುಚ್ಚಳ. 1873ರಲ್ಲಿ ಈ ಮುಚ್ಚಳವೇ ವಯಸ್ಸು ಹೇಳುತ್ತದೆ. ಮೊದಲ ವಿಧದಲ್ಲಿ ಅದು ರಿಸೀವರ್ ಬದಿಯ ತೋಡುಗಳಲ್ಲಿ ಜಾರುತ್ತದೆ, ಎರಡನೆಯದರಲ್ಲಿ ನಡುವೆ ಸ್ಕ್ರೂ ಹಾಕಿ ಕೂರಿಸಿದ ಪ್ರತ್ಯೇಕ ಹಳಿ ಇದೆ, ಮೂರನೆಯದರಲ್ಲಿ ಹಳಿ ರಿಸೀವರ್‌ನದೇ ಭಾಗ, ಸ್ಕ್ರೂ ಇಲ್ಲ. 1876 ನೋಡಲು ಹಾಗೇ ಇದ್ದರೂ ಮೈ ದೊಡ್ಡದು, ರಿಸೀವರ್ ಉದ್ದ, ಯಾಕೆಂದರೆ .45-75 ಥರದ ದೊಡ್ಡ ತೋಟಾ ಅದರಲ್ಲಿ ಓಡಬೇಕು. ಪಕ್ಕಪಕ್ಕ ಇಟ್ಟರೆ ಸಂಶಯವೇ ಬರುವುದಿಲ್ಲ. ಒಂದೊಂದೇ ಸಿಕ್ಕಾಗ ಅಳೆದು ನೋಡಿ.

ಪಕ್ಕದ ತಟ್ಟೆಯ ಗೆರೆ ಇಲ್ಲ, ಬದಿ ಒಂದೇ ತುಂಡು ಅಂದರೆ ನೀವು ಬಂದೂಕು ವಿನ್ಯಾಸಕಾರ ಜಾನ್ ಮೋಸೆಸ್ ಬ್ರೌನಿಂಗ್ ಕಾಲಕ್ಕೆ ಬಂದಿರಿ. ಇಲ್ಲಿ ಲಿವರ್ ಮುಚ್ಚಿದ ಸ್ಥಿತಿಯಲ್ಲಿ ರಿಸೀವರ್‌ನ ಮೇಲಿನ ಹಿಂಭಾಗ ನೋಡಿ. ಬ್ಯಾರೆಲ್‌ನ ಹಿಂಬಾಯಿ ಮುಚ್ಚುವ ಬೋಲ್ಟ್‌ನ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕಂಬಿ ಮೇಲೆದ್ದು ನಿಂತಿದೆಯಾ? ಹಾಗಿದ್ದರೆ 1886 ಅಥವಾ 1892. ಲಿವರ್ ಇಳಿಸಿದರೆ ಆ ಎರಡೂ ಕಂಬಿ ಕೆಳಗೆ ಸರಿಯುತ್ತವೆ. 1886 ದೊಡ್ಡದು, .45-70 ಥರದ ತೋಟಾಗೆ. 1892 ಅದರದೇ ಚಿಕ್ಕ ರೂಪ, .44-40 ಮತ್ತು ಅದಕ್ಕಿಂತ ಚಿಕ್ಕ ತೋಟಾಗಳಿಗೆ. ನನ್ನ ಮಟ್ಟಿಗೆ ಇಡೀ ಲಿವರ್ ಆಕ್ಷನ್ ಚರಿತ್ರೆಯಲ್ಲಿ 1886ಕ್ಕಿಂತ ನಯವಾಗಿ ಆಡುವ ಯಂತ್ರ ಇಲ್ಲ. ಹಳೆಯದೊಂದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಲಿವರ್ ನಿಧಾನವಾಗಿ ಆಡಿಸಿ ನೋಡಿ, ಗೊತ್ತಾಗುತ್ತದೆ.

1894ಕ್ಕೆ ಇಂಥ ಜೋಡಿ ಕಂಬಿ ಇಲ್ಲ. ಬೋಲ್ಟ್ ಹಿಂದೆ ಒಂದೇ ಅಗಲದ ದಿಮ್ಮಿ ಮೇಲೇಳುತ್ತದೆ. ಇನ್ನೂ ಸುಲಭದ ಗುರುತು ಅಂದರೆ, ಲಿವರ್ ಇಳಿಸಿದಾಗ ರಿಸೀವರ್‌ನ ತಳದ ತುಂಡೇ ಲಿವರ್ ಜೊತೆ ಕೆಳಕ್ಕೆ ಬಾಗುತ್ತದೆ. ಇದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. 1892 ಮತ್ತು 1894 ಹೊರಗಿನಿಂದ ಒಂದೇ ಥರ ಕಾಣುವ ಕಾರಣ ಇವೆರಡರ ನಡುವೆ ಗೊಂದಲ ಜಾಸ್ತಿ, ಈ ತಳದ ತುಂಡು ಆ ಗೊಂದಲ ಒಂದೇ ಏಟಿಗೆ ಬಿಡಿಸುತ್ತದೆ.

ಮಾರ್ಲಿನ್ ಬೇರೆಯೇ ದಾರಿ ಹಿಡಿದ ಕಂಪನಿ. 1881ರ ಮಾದರಿ ವಿಂಚೆಸ್ಟರ್ ಹಾಗೆ ಮೇಲಿನಿಂದ ಕೋಶ ಎಸೆಯುತ್ತಿತ್ತು. 1889ರಿಂದ ರಿಸೀವರ್ ತಲೆ ಪೂರ್ತಿ ಮುಚ್ಚಿತು, ಖಾಲಿ ಕೋಶ ಬಲಬದಿಗೆ ಹಾರತೊಡಗಿತು. ಮುಖದ ಕಡೆ ಏನೂ ಹಾರುವುದಿಲ್ಲ, ಮಳೆ ನೀರೂ ಒಳಗೆ ಇಳಿಯುವುದಿಲ್ಲ. ಆ ಹೆಮ್ಮೆಗೇ ತಲೆಯ ಮೇಲೆ 'ಮಾರ್ಲಿನ್ ಸೇಫ್ಟಿ' ಅಂತ ಕೆತ್ತಿದರು. 1893, 1894, 1895 ಮಾರ್ಲಿನ್‌ಗಳೂ ಇದೇ ರಚನೆ. ಹಾಗಾಗಿ ಒಂದು ಎಚ್ಚರ: '1894' ಅಂತ ಯಾರಾದರೂ ಹೇಳಿದರೆ ಯಾವ ಕಂಪನಿ ಅಂತ ಮೊದಲು ಕೇಳಿ. ವಿಂಚೆಸ್ಟರ್‌ಗೂ 1894 ಇದೆ, ಮಾರ್ಲಿನ್‌ಗೂ ಇದೆ. 1895 ಅಂತೂ ಮೂರು ಕಂಪನಿಗಳಿಗಿದೆ.

ಹಂತ 3: ರೈಫಲ್, ಕಾರ್ಬೈನ್ ಅಥವಾ ಮಸ್ಕೆಟ್

ಒಂದೇ ಮಾದರಿ ಈ ಮೂರು ರೂಪದಲ್ಲಿ ಬರುತ್ತಿತ್ತು. 1873 ಉದಾಹರಣೆಗೆ ತಗೊಳ್ಳೋಣ. ರೈಫಲ್‌ಗೆ ಸಾಮಾನ್ಯವಾಗಿ 24 ಇಂಚಿನ ಬ್ಯಾರೆಲ್, ಮುಂದಿನ ಮರದ ತುದಿಗೆ ಲೋಹದ ಟೊಪ್ಪಿ, ಭುಜಕ್ಕೆ ತಾಗುವ ಬಟ್ ತಟ್ಟೆ ಅರ್ಧಚಂದ್ರದ ಹಾಗೆ ಒಳಬಾಗಿದ್ದು. ಕಾರ್ಬೈನ್‌ಗೆ 20 ಇಂಚು, ಟೊಪ್ಪಿ ಬದಲು ಬ್ಯಾರೆಲ್ ಸುತ್ತುವ ಪಟ್ಟಿ, ರಿಸೀವರ್ ಎಡಬದಿಗೆ ಕುದುರೆ ಸವಾರನಿಗೆ ಬೇಕಾದ ಉಂಗುರ. ಮಸ್ಕೆಟ್‌ಗೆ 30 ಇಂಚು, ಮರ ಹೆಚ್ಚುಕಡಿಮೆ ತುದಿಯ ತನಕ, ಬಯೊನೆಟ್ ಹಾಕುವ ಅನುಕೂಲ.

ಬ್ಯಾರೆಲ್ ಅಳೆಯುವುದು ಹೊರಗೆ ಕಾಣುವಷ್ಟನ್ನಲ್ಲ. ಖಾಲಿ ಅಂತ ಖಾತ್ರಿ ಮಾಡಿಕೊಂಡು, ಲಿವರ್ ಮುಚ್ಚಿ, ತುದಿಯಿಂದ ಮರದ ಕಡ್ಡಿ ಇಳಿಬಿಟ್ಟು ಬೋಲ್ಟ್ ಮುಟ್ಟುವ ತನಕ ಅಳೆಯಬೇಕು. ಕತ್ತರಿಸಿದ ಬ್ಯಾರೆಲ್ ತುಂಬಾ ಸಾಮಾನ್ಯ. ಕೊಳವೆಯ ತುದಿಗೂ ಬ್ಯಾರೆಲ್ ತುದಿಗೂ ಹೊಂದಾಣಿಕೆ ಇದೆಯಾ, ಗುರಿ ನೋಡುವ ಮುಂದಿನ ಸೈಟ್ ಇರಬೇಕಾದ ದೂರದಲ್ಲಿದೆಯಾ ನೋಡಿ. ರೈಫಲ್ ಬ್ಯಾರೆಲ್ ಕತ್ತರಿಸಿ ಉಂಗುರ ಸೇರಿಸಿ 'ಅಪರೂಪದ ಕಾರ್ಬೈನ್' ಅಂತ ಮಾರುವವರಿದ್ದಾರೆ. ಅಂಥದ್ದರಲ್ಲಿ ಪಟ್ಟಿ ಬದಲು ಟೊಪ್ಪಿಯೇ ಉಳಿದಿರುತ್ತದೆ, ಅಥವಾ ಬಟ್ ತಟ್ಟೆ ಅರ್ಧಚಂದ್ರದ್ದೇ ಇರುತ್ತದೆ. ಹಾಗಂತ ಎಂಟು ಮೂಲೆಯ ಬ್ಯಾರೆಲ್, ಅರ್ಧ ಉದ್ದದ ಮ್ಯಾಗಜಿನ್, ಪಿಸ್ತೂಲ್ ಹಿಡಿಯ ಬಟ್ ಕಂಡ ತಕ್ಷಣ ಅನುಮಾನ ಪಡಬೇಡಿ. ಗ್ರಾಹಕ ಹೆಚ್ಚು ದುಡ್ಡು ಕೊಟ್ಟರೆ ಕಾರ್ಖಾನೆಯೇ ಅವನ್ನೆಲ್ಲ ಮಾಡಿಕೊಡುತ್ತಿತ್ತು.

ಹಂತ 4: ತೋಟಾ ಯಾವುದು ಅನ್ನುವುದೇ ಒಂದು ಸಾಕ್ಷಿ

ಇದನ್ನು ಬಹಳ ಜನ ಬಳಸುವುದಿಲ್ಲ, ನನಗೆ ತುಂಬಾ ಇಷ್ಟವಾದ ಹಂತ ಇದು. ತೋಟಾ ಮಾರುಕಟ್ಟೆಗೆ ಬರುವ ಮೊದಲು ಅದರ ರೈಫಲ್ ಇರಲು ಸಾಧ್ಯವಿಲ್ಲ ಅಲ್ವಾ? 1873 ಶುರುವಾದದ್ದು .44-40ಯಲ್ಲಿ. .38-40 ಬಂದದ್ದು 1879ರಲ್ಲಿ, .32-20 ಬಂದದ್ದು 1882ರಲ್ಲಿ. ಹಾಗಾಗಿ .32-20ಯ 1873 ಮಾದರಿ ಕಂಡರೆ ಅದು 1882ಕ್ಕಿಂತ ಹಿಂದಿನದಲ್ಲ, ಮಾರುವವರು ಏನೇ ಹೇಳಲಿ. .22 ರಿಮ್‌ಫೈರ್ (ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ತೋಟಾ) 1873 ಕೂಡ ಇದೆ, 1884ರಿಂದ. ಅದಕ್ಕೆ ಬಲಗಡೆ ಬಾಗಿಲು ಇರುವುದಿಲ್ಲ, ಅದು ನಕಲಿಯ ಗುರುತಲ್ಲ. 1873ರಲ್ಲಿ ತೋಟಾ ಎತ್ತುವ ಹಿತ್ತಾಳೆ ತುಂಡಿನ ಅಡಿಯಲ್ಲಿ ಕ್ಯಾಲಿಬರ್, ಅಂದರೆ ತೋಟಾದ ಅಳತೆ, ಕೆತ್ತಿರುವುದುಂಟು, ರೈಫಲ್ ತಲೆಕೆಳಗೆ ಮಾಡಿದರೆ ಕಾಣುತ್ತದೆ. ಶುರುವಿನ .44ಗಳಲ್ಲಿ ಕ್ಯಾಲಿಬರ್ ಗುರುತೇ ಇರಲಿಲ್ಲ, ಬೇರೆ ಕ್ಯಾಲಿಬರ್ ಇಲ್ಲದಾಗ ಗುರುತು ಯಾಕೆ ಬೇಕು?

ವಿಂಚೆಸ್ಟರ್ 1894 ಮೊದಲು ಬಂದದ್ದು .32-40 ಮತ್ತು .38-55ರಲ್ಲಿ. ಹೆಸರುವಾಸಿ .30-30 ಸೇರಿದ್ದು 1895ರಲ್ಲಿ. ಹೊಗೆರಹಿತ ಮದ್ದಿನ ಒತ್ತಡ ತಡೆಯಲು ನಿಕ್ಕಲ್ ಉಕ್ಕಿನ ಬ್ಯಾರೆಲ್ ಬಂತು, ಬ್ಯಾರೆಲ್ ಮೇಲೆ ಅದನ್ನೇ ಬರೆದರು. ಮಾರ್ಲಿನ್ 1893ರ ಬ್ಯಾರೆಲ್ ಮೇಲೆ 'ಸ್ಪೆಷಲ್ ಸ್ಮೋಕ್‌ಲೆಸ್ ಸ್ಟೀಲ್' ಅಂತಿರುವುದೂ ಇದೇ ಕಾರಣಕ್ಕೆ.

ಆಂಡರ್ಸನ್ ಅವರ .405 ಮತ್ತೆ ನೆನಪಿಸಿಕೊಳ್ಳಿ. ಆ ತೋಟಾ ಬಂದದ್ದು 1904ರಲ್ಲಿ. ಮಾದರಿಯ ಹೆಸರಲ್ಲಿ 1895 ಇದ್ದರೂ .405ರ ರೈಫಲ್ 1904ಕ್ಕಿಂತ ಹಳೆಯದಾಗಲಾರದು. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾ ಬೇಟೆಗೆ ಒಯ್ದದ್ದೂ ಇದೇ .405. ವಿಂಚೆಸ್ಟರ್ 1895 ಮಾದರಿಯಲ್ಲೇ ಇನ್ನೆರಡು ಗುರುತು: ಮೊದಲ ಸುಮಾರು 5,000ಕ್ಕೆ ರಿಸೀವರ್ ಬದಿ ಚಪ್ಪಟೆ, ಆಮೇಲಿನವಕ್ಕೆ ಮೆಟ್ಟಿಲಿನಂಥ ಇಳಿಜಾರು. ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಹೋದ ಮಸ್ಕೆಟ್‌ಗಳಿಗೆ, ಸುಮಾರು 2,90,000ಕ್ಕೂ ಮಿಕ್ಕಿ ಹೋದವು, ರಿಸೀವರ್ ಮೇಲೆ ತೋಟಾ ಪಟ್ಟಿ ಕೂರಿಸುವ ಎತ್ತರದ ಕೊಂಬುಗಳಿವೆ.

ಹಂತ 5: ಈಗ ಅಕ್ಷರ, ಅಂಕಿ

ಸೀರಿಯಲ್ ನಂಬರ್ ಎಲ್ಲಿದೆ ಅನ್ನುವುದೂ ಮಾದರಿಯ ಗುರುತು. ಹೆನ್ರಿಯಲ್ಲಿ ಬ್ಯಾರೆಲ್ ಮೇಲೆ, ರಿಸೀವರ್‌ಗೆ ಹತ್ತಿರ. 1873 ಮತ್ತು 1886ರಲ್ಲಿ ಲಿವರ್ ಹಿಂದೆ, ರಿಸೀವರ್‌ನಿಂದ ಬಟ್ ಕಡೆಗೆ ಚಾಚಿದ ಕೆಳಗಿನ ನಾಲಗೆ ಪಟ್ಟಿಯ ಮೇಲೆ. 1892 ಮತ್ತು 1894ರಲ್ಲಿ ರಿಸೀವರ್ ತಳದ ಮುಂಭಾಗದಲ್ಲಿ. ವಿಂಚೆಸ್ಟರ್ ಬ್ಯಾರೆಲ್ ಮತ್ತು ರಿಸೀವರ್ ಮೇಲೆ ಮೊಟ್ಟೆ ಆಕಾರದೊಳಗೆ ಡಬ್ಲ್ಯೂ ಪಿ ಮುದ್ರೆ ಇದ್ದರೆ ಅದು 1905ರ ಜುಲೈಯಿಂದ ಈಚೆಗೆ ಶುರುವಾದ ಪರೀಕ್ಷಾ ಮುದ್ರೆ. ಬ್ಯಾರೆಲ್ ಮೇಲೆ ಮಾತ್ರ ಇದ್ದು ರಿಸೀವರ್ ಮೇಲೆ ಇಲ್ಲದಿದ್ದರೆ ಬ್ಯಾರೆಲ್ ಆಮೇಲೆ ಬದಲಾಗಿರುವ ಸಾಧ್ಯತೆ ಇದೆ.

ಅತಿ ನಿಖರ ಅಂತ ಆರಿಸಿದ ಬ್ಯಾರೆಲ್‌ಗೆ ಹಾಕುತ್ತಿದ್ದ 'ಒನ್ ಆಫ್ ಒನ್ ಥೌಸಂಡ್' ಅನ್ನುವ ಕೆತ್ತನೆ ಕಂಡರೆ ಉಸಿರು ಬಿಗಿಹಿಡಿಯುವ ಮೊದಲು ಯೋಚಿಸಿ. 1873 ಮಾದರಿಯಲ್ಲಿ ಅಂಥವು ತಯಾರಾದದ್ದು 130 ಚಿಲ್ಲರೆ ಮಾತ್ರ, ಒಟ್ಟು 7 ಲಕ್ಷಕ್ಕೂ ಹೆಚ್ಚು ರೈಫಲ್‌ಗಳಲ್ಲಿ. ನಕಲಿ ಕೆತ್ತನೆಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನಿದೆ? ಕಾರ್ಖಾನೆ ದಾಖಲೆ ಇಲ್ಲದೆ ನಂಬಲೇಬೇಡಿ.

ಹಂತ 6: ಮೂಲ ಮೈಯೋ, ಮತ್ತೆ ತೀಡಿದ್ದೋ, ಪೂರ್ತಿ ಹೊಸದೋ

ಮರ ಮತ್ತು ಲೋಹ ಸೇರುವ ಜಾಗದಲ್ಲಿ ಬೆರಳು ಓಡಿಸಿ. ಕಾರ್ಖಾನೆಯ ವಾಲ್ನಟ್ ಮರ ಲೋಹಕ್ಕಿಂತ ಒಂದು ಕೂದಲಷ್ಟು ಎತ್ತರ ಇರುತ್ತದೆ. ಮರ ತಗ್ಗಾಗಿದ್ದರೆ ಯಾರೋ ಉಜ್ಜಿದ್ದಾರೆ. ರಿಸೀವರ್ ಅಂಚುಗಳು ಚೂಪಾಗಿರಬೇಕು. ಅಂಚು ಸವೆದು ದುಂಡಗಾಗಿದ್ದರೆ, ಸ್ಕ್ರೂ ರಂಧ್ರದ ಬಾಯಿ ಬಟ್ಟಲಿನಂತೆ ತಗ್ಗಾಗಿದ್ದರೆ, ಅಕ್ಷರ ತೆಳುವಾಗಿ ಅದರ ಮೇಲೆ ಹೊಚ್ಚ ಹೊಸ ನೀಲಿ ಬಣ್ಣ ಇದ್ದರೆ, ಯಂತ್ರದಲ್ಲಿ ಪಾಲಿಶ್ ಮಾಡಿ ಮತ್ತೆ ಬಣ್ಣ ಹಾಕಿದ್ದು. ತುಕ್ಕಿನ ಗುಳಿಯ ಒಳಗೂ ನೀಲಿ ಬಣ್ಣ ಇದ್ದರೆ ಬೇರೆ ಸಾಕ್ಷಿಯೇ ಬೇಡ.

ಇನ್ನು ಹೊಸ ಪ್ರತಿಕೃತಿಗಳು. ಇಟಲಿಯ ಉಬೆರ್ಟಿ ಕಂಪನಿ ಹೆನ್ರಿ, 1866, 1873 ಮೂರನ್ನೂ ಬಹಳ ಚೆನ್ನಾಗಿ ಮಾಡುತ್ತದೆ, ಮೋಸಕ್ಕಲ್ಲ, ಆಸಕ್ತರಿಗಾಗಿ. ಆದರೆ ಮೂರನೇ ಕೈಗೆ ಹೋದಾಗ ಕೆಲವರು ಇಟಲಿಯ ಮುದ್ರೆ ಉಜ್ಜಿ ತೆಗೆದು ಮೈ ಹಳೆಯದು ಮಾಡಿಸುತ್ತಾರೆ. ಬ್ಯಾರೆಲ್ ತಳ, ಮರದಡಿ ಮುಚ್ಚಿಹೋದ ಜಾಗ, ಇವುಗಳಲ್ಲಿ ಮುದ್ರೆ ಹುಡುಕಿ. ಸ್ಪೇನ್‌ನ ಐಬಾರ್‌ನಲ್ಲಿ ತಯಾರಾದ 'ಎಲ್ ಟಿಗ್ರೆ' 1892ರ ನಕಲು, ಅದೂ ಈಗ ಸಾಕಷ್ಟು ಹಳೆಯದೇ. ಹಿಂದಿನ ನಾಲಗೆ ಪಟ್ಟಿಯ ಮೇಲೆ ಜಾರುವ ಸೇಫ್ಟಿ ಬಟನ್ ಅಥವಾ ರಿಸೀವರ್‌ಗೆ ಅಡ್ಡಲಾಗಿ ಒತ್ತುವ ಬಟನ್ ಇದ್ದರೆ 19ನೇ ಶತಮಾನದ ವಿಂಚೆಸ್ಟರ್ ಅಲ್ಲವೇ ಅಲ್ಲ. ಹಾಗೇ, ಈಗ 'ಹೆನ್ರಿ' ಹೆಸರಲ್ಲಿ ರೈಫಲ್ ಮಾಡುವ ಕಂಪನಿ 1990ರ ದಶಕದಲ್ಲಿ ಶುರುವಾದದ್ದು, ಹಳೆಯ ಹೆನ್ರಿಗೂ ಅದಕ್ಕೂ ಸಂಬಂಧ ಇಲ್ಲ.

ಭಾರತದಲ್ಲಿ ಎದುರಾಗುವ ಇನ್ನೊಂದು ಹೆನ್ರಿ

ನಮ್ಮಲ್ಲಿ ಹಳೆಯ ಲಿವರ್ ಕೋವಿ ಅಂದರೆ ಹೆಚ್ಚಾಗಿ ಕಾಣುವುದು ಬ್ರಿಟಿಷ್ ಸೈನ್ಯದ ಮಾರ್ಟಿನಿ ಹೆನ್ರಿ, 1871ರಲ್ಲಿ ಸೇರಿದ್ದು. ಲಿವರ್ ಇದೆ, ಮ್ಯಾಗಜಿನ್ ಇಲ್ಲ. ಒಂದು ಸಲಕ್ಕೆ ಒಂದೇ ತೋಟಾ. ಹೊರಗೆ ಹ್ಯಾಮರ್ ಇಲ್ಲ, ಬಲಬದಿಗೆ, ಹಾರಿಸಲು ಸಿದ್ಧವಾಗಿದೆಯಾ ಅಂತ ತೋರಿಸುವ ಹನಿಯಾಕಾರದ ಸೂಚಕ. ಇಲ್ಲಿನ ಹೆನ್ರಿ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿ, ಅಮೆರಿಕದವರಲ್ಲ. ಬಲಬದಿಯಲ್ಲಿ ಕಿರೀಟ, ವಿಕ್ಟೋರಿಯಾ ರಾಣಿಯನ್ನು ಸೂಚಿಸುವ ವಿ ಆರ್ ಅಕ್ಷರ, ಕಾರ್ಖಾನೆ ಹೆಸರು, ವರ್ಷ ಇರುತ್ತವೆ. ಖೈಬರ್ ಕಡೆಯ ಕಮ್ಮಾರರು ಕೈಯಲ್ಲಿ ಮಾಡಿದ ನಕಲುಗಳಲ್ಲಿ ಇದೇ ಮುದ್ರೆಯನ್ನು ನೋಡಿ ಬರೆದಿರುತ್ತಾರೆ, ಎನ್ ಅಕ್ಷರ ತಿರುಗುಮುರುಗು ಆಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ವಿ ಆರ್ ಜೊತೆ 1905 ಅಂತ ಇದ್ದರೆ ಅರ್ಥ ಮಾಡಿಕೊಳ್ಳಿ.

ಕಾಗದಪತ್ರ

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಆಂಟಿಕ್. ಮಾದರಿಯ ವರ್ಷ ಅಲ್ಲ, ಆ ಒಂದು ರೈಫಲ್ ತಯಾರಾದ ವರ್ಷ. ಹಾಗಾಗಿ 1894 ಮಾದರಿಯಲ್ಲಿ ಕೆಲವೇ ಪಾಲು ಮಾತ್ರ ಆಂಟಿಕ್. ರಾಜ್ಯಗಳ ಕಾನೂನು ಬೇರೆ ಇರಬಹುದು, ಅದನ್ನೂ ನೋಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ವಯಸ್ಸು ನೋಡಿ ವಿನಾಯಿತಿ ಕೊಡುವುದಿಲ್ಲ. ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಹಾರಿಸಲು ಆಗದಂತಿದ್ದರೆ ಮಾತ್ರ ಬೇರೆ ಮಾತು. ಅಜ್ಜನ ಅಟ್ಟದಲ್ಲಿ ಸಿಕ್ಕಿತು ಅಂತ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ಲೈಸೆನ್ಸ್ ವಿಚಾರಿಸಿ.

ವಿಂಚೆಸ್ಟರ್ ಆಗಿದ್ದರೆ ವಯೋಮಿಂಗ್‌ನ ಕೋಡಿ ಊರಿನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂಗೆ ಸೀರಿಯಲ್ ನಂಬರ್ ಕಳಿಸಿ, ಶುಲ್ಕ ಕಟ್ಟಿದರೆ ಕಾರ್ಖಾನೆ ಪುಸ್ತಕ ನೋಡಿ ಪತ್ರ ಕೊಡುತ್ತಾರೆ. ಎಲ್ಲ ನಂಬರುಗಳ ದಾಖಲೆ ಉಳಿದಿಲ್ಲ. ಉಳಿದವುಗಳಲ್ಲಿ ಬ್ಯಾರೆಲ್ ಎಂಟು ಮೂಲೆಯದೋ ಗುಂಡಗಿನದೋ, ಕ್ಯಾಲಿಬರ್ ಯಾವುದು, ಯಾವ ದಿನ ಕಾರ್ಖಾನೆಯಿಂದ ಹೊರಟಿತು ಅನ್ನುವುದು ಇರುತ್ತದೆ. ಪತ್ರ ಬರುವ ಮೊದಲೇ ನೀವು ಯಂತ್ರದಲ್ಲಿ ಕಂಡದ್ದನ್ನೆಲ್ಲ ಬರೆದಿಡಿ, ಎಡ, ಬಲ, ತಲೆ, ತಳ ನಾಲ್ಕೂ ಕಡೆ ಫೋಟೋ ತೆಗೆದಿಡಿ. ಪತ್ರದಲ್ಲಿ ಗುಂಡಗಿನ ಬ್ಯಾರೆಲ್ ಅಂತ ಇದ್ದು ನಿಮ್ಮ ಮುಂದಿರುವುದು ಎಂಟು ಮೂಲೆಯದಾದರೆ, ಬ್ಯಾರೆಲ್ ಯಾವಾಗಲೋ ಬದಲಾಗಿದೆ, ಬೆಲೆ ಕಟ್ಟುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.